ಗಂಟೆ ಹೇಜನ್ನನ ಮದುವೆ

ಹ್ಯಾಡಕ್ ದ್ವೀಪದಲ್ಲಿ ಹೇಜನ್ ಎಂಬ ಹೆಸರಿನವರು ಹಲವರಿದ್ದರು. ದೋಣಿ ಹೇಜನ್ ಒಬ್ಬ, ಕುಂಟ ಹೇಜನ್ ಒಬ್ಬ, ಚರ್ಚಿನಲ್ಲಿ ತೂಕಡಿಸುವ ಹೇಜನ್ ಇನ್ನೊಬ್ಬ. ನಮ್ಮ ಕಥೆಯ ಹೇಜನ್ ಮ್ಯಾಲಕ್‌ನನ್ನು ಮಾತ್ರ ಊರವರು ಗಂಟೆ ಹೇಜನ್ ಎನ್ನುತ್ತಿದ್ದರು. ಹಿಂದಿನಿಂದ ಹಾಗೆ ಕರೆದರೆ ಅವನು ತಿರುಗಿ ನೋಡುತ್ತಿರಲಿಲ್ಲ. ಎದುರಿಗೆ ನಿಂತು ‘ಮ್ಯಾಲಕ್ ಅವರೇ’ ಎಂದರೆ ಟೋಪಿ ಸರಿಮಾಡಿಕೊಂಡು ಮಾತಾಡುತ್ತಿದ್ದ.

ಆ ಟೋಪಿಗೆ ಎರಡು ಬಿಲ್ಲೆಗಳಿದ್ದವು, ಎಡಕ್ಕೆ ಕೆನಡಾದ್ದು, ಬಲಕ್ಕೆ ಅಮೆರಿಕದ್ದು. ಯಾವುದೂ ಇನ್ನೊಂದಕ್ಕಿಂತ ಕೂದಲೆಳೆಯಷ್ಟೂ ಮೇಲಿರಕೂಡದು ಎಂದು ಆಡಳಿತ ಮಂಡಳಿಯ ಅಪ್ಪಣೆಯಾಗಿತ್ತು. ದ್ವೀಪದ ದಕ್ಷಿಣದ ತುದಿಯಲ್ಲಿ ಅಮೆರಿಕದ ಹಡಗು ಸಾಹುಕಾರನೊಬ್ಬ ಬೇಸಗೆ ಕಳೆಯಲು ಕಟ್ಟಿಸಿದ ದೊಡ್ಡ ಮನೆ, ಅದರ ಸುತ್ತ ತೋಟ. ನೆಲ ಕೆನಡಾದ್ದು, ಮನೆ ಅಮೆರಿಕದವನದು. ಮೊಮ್ಮಕ್ಕಳ ಕಾಲಕ್ಕೆ ಮಾಡು ಸೋರತೊಡಗಿತು. ದುರಸ್ತಿಯ ಖರ್ಚನ್ನು ನೆನೆದು ಅವರ ದೇಶಪ್ರೇಮ ಉಕ್ಕಿ, ಮನೆಯನ್ನೂ ತೋಟವನ್ನೂ ಎರಡು ದೇಶಗಳಿಗೂ ಕೂಡಿ, ಉದ್ಯಾನವಾಗಲೆಂದು ದಾನ ಮಾಡಿಬಿಟ್ಟರು. ಒಂದೇ ಆಸ್ತಿಯನ್ನು ಪಾಲು ಮಾಡದೆ ಅಣ್ಣತಮ್ಮಂದಿರಿಗೆ ಬಿಟ್ಟುಹೋದರೆ ಏನಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ಮಾತು. ಇಲ್ಲಿ ಅಣ್ಣತಮ್ಮಂದಿರು ಎರಡು ಸರ್ಕಾರಗಳಾಗಿದ್ದರು, ಅಷ್ಟೇ.

ಮಂಡಳಿಯಲ್ಲಿ ಅವರ ಕಡೆಯ ಮೂವರು, ಇವರ ಕಡೆಯ ಮೂವರು. ಒಂದು ವರ್ಷ ಅವರ ಅಧ್ಯಕ್ಷರು, ಮರುವರ್ಷ ಇವರವರು. ಅವರು ಜಗಳವಾಡುವವರಾಗಿದ್ದರೆ ಎಷ್ಟೋ ವಾಸಿಯಾಗಿತ್ತು. ಆರು ಮಂದಿಯೂ ಮಹಾ ಸಜ್ಜನರು. ‘ತಾವು ಹೇಳಿದಂತೆ’, ‘ಛೆ ಛೆ, ತಾವು ಹೇಳಿದಂತೆ’ ಎನ್ನುತ್ತಲೇ ಮಧ್ಯಾಹ್ನವಾಗುತ್ತಿತ್ತು. ದೊಡ್ಡ ಮನೆಯ ಬಾಗಿಲಿಗೆ ಹಸಿರು ಬಣ್ಣವೋ ಬಿಳಿಯೋ ಎಂಬ ಚರ್ಚೆ ಎರಡು ಬೇಸಗೆ ನಡೆದು, ಕೊನೆಗೆ ಹೊರಗೆ ಹಸಿರು, ಒಳಗೆ ಬಿಳಿ ಎಂದು ತೀರ್ಮಾನವಾಯಿತು. ಚಹಾ ಮೊದಲೋ ಕಾಫಿ ಮೊದಲೋ ಎಂಬ ಪ್ರಶ್ನೆಯನ್ನು ಬಿಡಿಸಿದವಳು ಅಡುಗೆಮನೆಯ ವರ್ನಾ, ಹೇಜನ್ನನ ಅಕ್ಕ. ಅವಳು ಎರಡು ಕೈಯಲ್ಲಿ ಎರಡು ಕೆಟಲ್ ಹಿಡಿದು, ಎರಡನ್ನೂ ಒಟ್ಟಿಗೇ ಬಗ್ಗಿಸುತ್ತಿದ್ದಳು. ಯಾರ ಕಪ್ಪಿಗೆ ಯಾವುದು ಬಿತ್ತೆಂದು ನೋಡುವ ಗೋಜಿಗೆ ಹೋಗುತ್ತಿರಲಿಲ್ಲ.

ದೊಡ್ಡ ಸಮಸ್ಯೆ ಹೊತ್ತಿನದು. ದ್ವೀಪದ ಎದುರಿಗೆ, ಒಂದು ಸೇತುವೆಯಾಚೆ, ಅಮೆರಿಕದ ಕಿಲ್ಬಿ ಪಟ್ಟಣ. ದ್ವೀಪದ ಗಡಿಯಾರ ಕಿಲ್ಬಿಯದಕ್ಕಿಂತ ಒಂದು ಗಂಟೆ ಮುಂದೆ. ಆ ಸೀಮೆಯಲ್ಲಿ ಹುಟ್ಟಿದವರಿಗೆ ಇದೇನು ಹೊಸದಲ್ಲ. ಯಾರಾದರೂ ‘ಮೂರು ಗಂಟೆಗೆ ಬಾ’ ಎಂದರೆ ಮಾತು ಮುಗಿಯುವ ಮೊದಲೇ ‘ಯಾರ ಕಡೇದು?’ ಎಂದು ಕೇಳುತ್ತಾರೆ. ಆದರೆ ದೂರದ ರಾಜಧಾನಿಗಳಿಂದ ಬರುವ ಮಂಡಳಿಯ ಸಜ್ಜನರಿಗೆ ಹೀಗೆ ಕೇಳುವುದು ಗೌರವಕ್ಕೆ ಕಡಿಮೆ ಎನಿಸಿತು. ಅವರು ಬಹಳ ಯೋಚಿಸಿ, ಉದ್ಯಾನದ ಬೇಲಿಯ ಒಳಗೆ ಮಾತ್ರ ನಡೆಯುವ ಮೂರನೆಯ ಹೊತ್ತೊಂದನ್ನು ಹುಟ್ಟಿಸಿದರು. ಅದು ಎರಡರ ನಟ್ಟನಡುವೆ, ದ್ವೀಪಕ್ಕಿಂತ ಅರ್ಧ ಗಂಟೆ ಹಿಂದೆ, ಕಿಲ್ಬಿಗಿಂತ ಅರ್ಧ ಗಂಟೆ ಮುಂದೆ. ಇದರಿಂದ ಇಬ್ಬರಿಗೂ ಸಮಸಮನಾದ ತೊಂದರೆಯಾಯಿತು. ಅದಕ್ಕಿಂತ ದೊಡ್ಡ ನ್ಯಾಯ ಆ ಮಂಡಳಿಯ ಕೈಯಿಂದ ಮುಂದೆಂದೂ ಆಗಲಿಲ್ಲ.

ಹೆಬ್ಬಾಗಿಲ ಗೋಪುರಕ್ಕೆ ಗಡಿಯಾರ ಬಂತು. ಚಕ್ರಗಳನ್ನು ಒಂದು ದೇಶ ಕೊಟ್ಟಿತು, ಗಂಟೆಯನ್ನು ಇನ್ನೊಂದು ದೇಶ ಕೊಟ್ಟಿತು. ಎರಡೂ ಒಂದಕ್ಕೊಂದು ಕೂಡಿಕೊಳ್ಳಲಿಲ್ಲ. ಹಾಗಾಗಿ ಮುಳ್ಳು ನೋಡಿಕೊಂಡು ಹಗ್ಗ ಎಳೆದು ಗಂಟೆ ಬಾರಿಸಲು ಒಬ್ಬ ಮನುಷ್ಯ ಬೇಕಾದ. ಸದಸ್ಯರ ಕೈಗಡಿಯಾರಗಳಲ್ಲಿ ಒಮ್ಮತವಿಲ್ಲದ್ದರಿಂದ, ಗಂಟೆ ಬಾರಿಸಿದರೆ ಮಾತ್ರ ಹೊತ್ತಾದಂತೆ, ಬಾರಿಸದಿದ್ದರೆ ಇಲ್ಲ ಎಂಬ ನಿಯಮವೂ ಆಯಿತು. ತನ್ನ ಕೋಳಿ ಕೂಗದಿದ್ದರೆ ಬೆಳಗಾಗುವುದಿಲ್ಲ ಎಂದುಕೊಂಡಿದ್ದ ಅಜ್ಜಿಯನ್ನು ಕಂಡು ಲೋಕವೇ ನಕ್ಕಿತು. ಹೇಜನ್ನನಿಗೆ ಮಾತ್ರ ಅದೇ ಅಜ್ಜಿಯ ಅಧಿಕಾರವನ್ನು ಎರಡು ಸರ್ಕಾರಗಳು ಸಂಬಳ ಕೊಟ್ಟು ವಹಿಸಿದ್ದವು.

ಮನುಷ್ಯನ ತಲೆ ತಿರುಗಲು ಇನ್ನೇನು ಬೇಕು? ಮನೆಯಲ್ಲೂ ಅವನು ಉದ್ಯಾನದ ಹೊತ್ತನ್ನೇ ಪಾಲಿಸತೊಡಗಿದ.

“ಲೋ, ಊಟ ಆರ್ತಾ ಇದೆ, ಬಾರೋ,” ಎಂದು ವರ್ನಾ ಕೂಗಿದರೆ, “ಇನ್ನೂ ಊಟದ ಹೊತ್ತಾಗಿಲ್ಲ ಅಕ್ಕ,” ಎನ್ನುತ್ತಿದ್ದ.

“ನಿನ್ನ ಹೊಟ್ಟೆ ಯಾವ ದೇಶದ್ದೋ?”

“ಮಂಡಳೀದು,” ಎನ್ನುತ್ತಿದ್ದ ಹೇಜನ್, ನಗದೆ.

ಹೀಗೆ ಮದುವೆಯಿಲ್ಲದೆ ಅರವತ್ತರ ಹತ್ತಿರ ಬಂದವನ ಹೆಬ್ಬಾಗಿಲಿಗೆ ಒಂದು ಭಾನುವಾರ ಲಿಯೋಟಾ ಹಕಿನ್ಸ್ ಬಂದಳು. ಕಿಲ್ಬಿಯವಳು, ವಿಧವೆ. ಮೀನಿನ ಕಾರ್ಖಾನೆಯಲ್ಲಿ ಸಾರ್ಡೀನ್ ಮೀನಿನ ತಲೆ ಬಾಲ ಕತ್ತರಿಸಿ ಡಬ್ಬಿ ತುಂಬುವ ಕೆಲಸ. ಅವಳ ಕತ್ತರಿಯೂ ನಾಲಿಗೆಯೂ ಒಂದೇ ವೇಗದಲ್ಲಿ ಆಡುತ್ತವೆಂದು ಕಿಲ್ಬಿಯಲ್ಲಿ ಹೆಸರು.

“ಎಷ್ಟು ಗಂಟೆ ರೀ?” ಎಂದಳು.

“ಇಲ್ಲೋ, ಹೊರಗೋ, ಆಚೆ ದಡದಲ್ಲೋ?”

“ಅಯ್ಯೋ, ಗಂಟೆ ಕೇಳಿದ್ರೆ ಅಂಗಡಿ ತೆಗೆದು ಕೂತ್ರಲ್ಲ! ಅಗ್ಗವಾದದ್ದು ಯಾವುದೋ ಒಂದು ಕೊಡಿ.”

ಹೇಜನ್ನನಿಗೆ ಅವಮಾನವಾಯಿತು. ಮರು ಭಾನುವಾರ ಅವಳು ಬರಲಿಲ್ಲ, ಆಗ ಇನ್ನೂ ಹೆಚ್ಚು ಅವಮಾನವಾಯಿತು. ಅದರ ಮುಂದಿನ ವಾರ ಬಂದಳು, ಒಣಗಿಸಿದ ಕಡಲ ಸೊಪ್ಪನ್ನು ಕಾಗದದಲ್ಲಿ ಕಟ್ಟಿಕೊಂಡು. ಇಬ್ಬರೂ ಕಟ್ಟೆಯ ಮೇಲೆ ಕೂತು ಅದನ್ನು ಅಗಿದರು. ಆ ಸೊಪ್ಪನ್ನು ಅಗಿಯಲು ಬಹಳ ಹೊತ್ತು ಹಿಡಿಯುವುದರಿಂದ ಮಾತಾಡದೆಯೂ ಒಬ್ಬರ ಪಕ್ಕ ಒಬ್ಬರು ಕೂತಿರಬಹುದು. ಆ ಸೀಮೆಯಲ್ಲಿ ಎಷ್ಟೋ ಮದುವೆಗಳು ಹಾಗೇ ಕುದುರಿವೆ.

ಇದೂ ಕುದುರಿತು. ಆದರೆ ಲಿಯೋಟಾ ಒಂದು ಷರತ್ತು ಹಾಕಿದಳು.

“ನಮ್ಮೆಜಮಾನ್ರು ಆಲ್ಟನ್ ಒಳ್ಳೆಯವ್ರೇ. ಈಗ ಬಂದೆ ಅಂತ ದೋಣಿ ಹತ್ತೋರು. ನಾನು ದಕ್ಕೆ ಮೇಲೆ ನಿಂತಿರೋಳು. ಮಂಜಲ್ಲಿ, ಹಿಮದಲ್ಲಿ, ಹಬ್ಬಕ್ಕೆ ಹೊರಟೋಳ ಹಂಗೆ ಒಳ್ಳೆ ಕೋಟು ಹಾಕ್ಕೊಂಡು. ಒಂದಿನ ದೋಣೀನೇ ಬರ್ಲಿಲ್ಲ. ಆವತ್ತೇ ಅಂದ್ಕೊಂಡೆ, ಇನ್ನು ಈ ಜನ್ಮದಲ್ಲಿ ಯಾವ ಗಂಡಸಿಗೂ ಕಾಯಲ್ಲ ಅಂತ. ಬಡತನ ಇರ್ಲಿ, ಗೊರಕೆ ಇರ್ಲಿ, ತಡ್ಕೋತೀನಿ. ಕಾಯಿಸಿದ್ರೋ, ಎದ್ದು ಹೋಗ್ತೀನಿ.”

ಹೇಜನ್ ಎದೆಯುಬ್ಬಿಸಿ, “ಲಿಯೋಟಾ ಅವ್ರೇ, ಹೊತ್ತಿನ ವಿಷಯದಲ್ಲಿ ನನ್ನ ಹತ್ರ ಎರಡು ಮಾತೇ ಇಲ್ಲ,” ಎಂದ.

ಸುದ್ದಿ ಮಂಡಳಿಗೆ ಮುಟ್ಟಿ ಅಲ್ಲಿ ಸಂಭ್ರಮವೋ ಸಂಭ್ರಮ. ಆ ವರ್ಷದ ಅಧ್ಯಕ್ಷರು ಅಮೆರಿಕದ ಥೇಯರ್ ಸಾಹೇಬರು, ಉಪಾಧ್ಯಕ್ಷೆ ಕೆನಡಾದ ಫಾಸೆಟ್ ಅಮ್ಮನವರು. ಈ ದಡದ ಗಂಡು, ಆ ದಡದ ಹೆಣ್ಣು, ಎರಡು ದೇಶಗಳ ಸ್ನೇಹಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ಮದುವೆ ಉದ್ಯಾನದಲ್ಲೇ ಆಗಲಿ, ಭಾಷಣ ನಮ್ಮದಿರಲಿ ಎಂದರು ಇಬ್ಬರೂ. ಆಮಂತ್ರಣದಲ್ಲಿ ‘ಮಧ್ಯಾಹ್ನ ಎರಡು ಗಂಟೆ’ ಎಂದು ಅಚ್ಚಾಯಿತು. ಯಾರ ಎರಡು ಎಂದು ಸೂಚಿಸುವ ಮಾತು ಬಂದಾಗ, ಯಾವ ದೇಶದ ಹೆಸರನ್ನು ಮೊದಲು ಬರೆಯುವುದು ಎಂಬಲ್ಲಿ ಚರ್ಚೆ ನಿಂತು, ಆ ಸಾಲನ್ನೇ ಕೈಬಿಟ್ಟರು.

ಊರವರಾದರೂ ಕೇಳಬೇಕಿತ್ತು. ‘ಯಾರ ಕಡೇದು?’ ಎಂದು ಕೇಳದೆ ಮೀನು ಕೂಡ ಕೊಳ್ಳದ ಜನ ಅವರು. ಆದರೆ ದಪ್ಪ ಕಾಗದದಲ್ಲಿ ಹೊಂಬಣ್ಣದ ಅಕ್ಷರ ಕಂಡು ಎಲ್ಲರ ಬಾಯಿ ಕಟ್ಟಿತು. ದ್ವೀಪದವರು ತಮ್ಮ ಎರಡು ಎಂದುಕೊಂಡರು, ಕಿಲ್ಬಿಯವರು ತಮ್ಮದು ಎಂದುಕೊಂಡರು. ವಧೂವರರು ಒಬ್ಬರನ್ನೊಬ್ಬರು ಕೇಳಲು ನಾಚಿದರು.

ಮದುವೆಯ ದಿನ ಹೇಜನ್ ಹೊಸ ಕೋಟು ತೊಟ್ಟು, ಟೋಪಿ ಇಟ್ಟು, ಗೋಪುರ ಹತ್ತಿ ಹಗ್ಗದ ಪಕ್ಕ ನಿಂತಿದ್ದ. ಎರಡು ಬಾರಿಸಿ, ಕೆಳಗಿಳಿದು, ನೆಟ್ಟಗೆ ಹೋಗಿ ಮದುವೆಯಾಗುವುದು ಎಂದು ಅವನ ಯೋಜನೆ. ಉದ್ಯಾನದ ಮುಳ್ಳು ಒಂದೂವರೆ ದಾಟಿ ಸ್ವಲ್ಪವೇ ಆಗಿತ್ತು. ಅಷ್ಟರಲ್ಲಿ ಕೆಳಗೆ ಅಕ್ಕನ ಕೂಗು ಕೇಳಿಸಿತು.

“ಲೋ ಹೇಜನ್! ಇಳಿಯೋ ಕೆಳಗೆ! ಹುಡುಗಿ ಹೊರಟೋಗ್ತಿದಾಳೆ!”

ಐವತ್ತು ದಾಟಿದ ಹುಡುಗಿ ನೀಲಿ ಉಡುಪಿನಲ್ಲಿ ಹೂಗುಚ್ಛವನ್ನು ಕೊಡೆಯಂತೆ ಕಂಕುಳಲ್ಲಿ ಇರುಕಿಕೊಂಡು ಹೆಬ್ಬಾಗಿಲ ಕಡೆ ಬಿರಬಿರನೆ ನಡೆದು ಬರುತ್ತಿದ್ದಳು. ಹೇಜನ್ ಏಣಿಯನ್ನು ಅರ್ಧ ಇಳಿದು, ಅರ್ಧ ಜಾರಿ ಅವಳ ಮುಂದೆ ನಿಂತ.

“ಎರಡು ಗಂಟೆ ಅಂದಿದ್ರಿ, ಬಂದೆ,” ಎಂದಳು ಲಿಯೋಟಾ. “ಪಾದ್ರಿ ಇದ್ರು, ನಿಮ್ಮಕ್ಕ ಇದ್ರು, ನಿಮ್ಮೂರೋರೆಲ್ಲಾ ಬಾಯಿ ಬಾಯಿ ಬಿಟ್ಕೊಂಡು ಕೂತಿದ್ರು. ನೀವೊಬ್ರು ಇರ್ಲಿಲ್ಲ.”

“ಇನ್ನೂ ಹೊತ್ತಿದೆ ಲಿಯೋಟಾ ಅವ್ರೇ! ಮೇಲೆ ನೋಡಿ ಬೇಕಾದ್ರೆ! ನಿಮ್ಮ ಕಿಲ್ಬಿ ವಾಚಲ್ಲಂತೂ ಈಗ ಒಂದು ಗಂಟೆ ಅಷ್ಟೇ ಅಲ್ವಾ?”

ಅವಳು ಕೈ ಚಾಚಿ ವಾಚು ತೋರಿಸಿದಳು. ಅದರಲ್ಲಿ ಎರಡು ದಾಟಿತ್ತು.

“ಸೇತುವೆ ಮೇಲೆ ನಿಂತು ತಿರುಗಿಸ್ಕೊಂಡೆ. ನಿಮ್ಮ ದಡಕ್ಕೆ ಬರ್ತಿದೀನಿ, ಇನ್ನು ನಿಮ್ಮ ದಡದ ಹೊತ್ತೇ ನಂದು ಅಂತ. ನಿಮ್ಮ ಈ ಅರ್ಧ ಗಂಟೆ ಆಫೀಸಿಗೆ ಮಾತ್ರ ಅಂದ್ಕೊಂಡಿದ್ದೆ ಹೇಜನ್. ಮದುವೆಗೂ ಅದೇ ಅಂತ ಗೊತ್ತಿರ್ಲಿಲ್ಲ.”

ಹೇಜನ್ ಮುಳ್ಳಿನ ಕಡೆ ಕತ್ತೆತ್ತಿ ನೋಡುವಷ್ಟರಲ್ಲಿ ಅವಳು ಹೆಬ್ಬಾಗಿಲು ದಾಟಿ ರಸ್ತೆಗಿಳಿದಿದ್ದಳು.

ಗದ್ದಲ ಕೇಳಿ ಮಂಡಳಿಯೂ ಬಂತು. “ಇದೇನು ಮಹಾ! ಮುಳ್ಳನ್ನ ಒಂಚೂರು ಮುಂದಕ್ಕೆ ತಳ್ಳಿದರಾಯ್ತಪ್ಪ, ಹೇಜನ್,” ಎಂದರು ಫಾಸೆಟ್ ಅಮ್ಮನವರು, ಪರಮ ಉದಾರವಾಗಿ.

ಥೇಯರ್ ಸಾಹೇಬರು ಕೆಮ್ಮಿದರು. “ಮುಂದಕ್ಕೆ ತಳ್ಳಿದ್ರೆ ಅದು ತಮ್ಮ ದೇಶದ ಹೊತ್ತಾಗತ್ತಲ್ವೇ ಅಮ್ಮ? ತಳ್ಳೋದೇ ಆದ್ರೆ ಹಿಂದಕ್ಕೂ ತಳ್ಳಬಹುದು.”

“ಹಿಂದಕ್ಕೆ ತಳ್ಳಿದ್ರೆ ಮದುವೆ ಆಗತ್ಯೇ?”

“ತತ್ವದ ಮಾತು ಹೇಳಿದೆ.”

“ತತ್ವ ಅಂದ್ರೆ ಸಭೆ ಸೇರಬೇಕಾಗತ್ತೆ.”

ಅವರು ಅಲ್ಲೇ ಸೇರಿದರು. ಹೇಜನ್ ಒಮ್ಮೆ ಮುಳ್ಳನ್ನು ನೋಡಿದ, ಒಮ್ಮೆ ರಸ್ತೆಯನ್ನು ನೋಡಿದ. ನೀಲಿ ಉಡುಪು ಮಂಜಿನೊಳಗೆ ಮಸುಕಾಗುತ್ತಿತ್ತು. ಅವನು ಟೋಪಿ ತೆಗೆದು ಕಂಬಿಯ ಮೊನೆಗೆ ಸಿಕ್ಕಿಸಿ ಹೆಬ್ಬಾಗಿಲಾಚೆ ಓಡಿದ. ಹತ್ತು ವರ್ಷದಲ್ಲಿ ಅವನು ಓಡಿದ್ದನ್ನು ಯಾರೂ ಕಂಡಿರಲಿಲ್ಲ.

“ಲಿಯೋಟಾ ಅವ್ರೇ, ನಿಲ್ಲಿ!” ಏದುಸಿರು ಬಿಡುತ್ತ ಅವಳ ಮುಂದೆ ಅಡ್ಡ ನಿಂತ. “ಇಲ್ಲಿ, ಈ ರಸ್ತೇಲಿ, ಎರಡು ಗಂಟೆ ಆಗಿಹೋಗಿದೆ. ನಾನು ತಡವಾಗಿ ಬಂದಿದೀನಿ. ತಪ್ಪಾಯ್ತು.”

“ಒಳಗೆ?”

“ಒಳಗಿಂದು ಸರ್ಕಾರದ್ದು. ಮದುವೆ ಆಗೋನು ನಾನು.”

ಲಿಯೋಟಾ ಅವನ ಬೋಳು ತಲೆಯನ್ನೇ ಸ್ವಲ್ಪ ಹೊತ್ತು ನೋಡಿದಳು. ಟೋಪಿಯಿಲ್ಲದೆ ಅವನನ್ನು ಕಂಡದ್ದು ಅದೇ ಮೊದಲು.

“ಪಾದ್ರೀನ ಕರೀರಿ ಹಂಗಾದ್ರೆ. ಇಲ್ಲೇ. ನಾನು ಮತ್ತೆ ಒಳಗೆ ಹೋಗಿ ಕಾಯೋಳಲ್ಲ.”

ವರ್ನಾ ಕೂಗಿದ ಕೂಗಿಗೆ ದ್ವೀಪದವರೆಲ್ಲ ಕುರ್ಚಿಗಳನ್ನು ತಲೆಯ ಮೇಲೆ ಹೊತ್ತು ಹೊರಗೆ ಬಂದರು. ರಸ್ತೆಯ ಮಧ್ಯೆ ಮದುವೆ ನಡೆಯಿತು. ಹೆರಿಂಗ್ ಮೀನು ತುಂಬಿದ ಲಾರಿಯೊಂದು ಬಂದು, ದಾರಿ ಸಿಗದೆ ನಿಂತು, ಉಂಗುರ ತೊಡಿಸುವ ಹೊತ್ತಿಗೆ ಸರಿಯಾಗಿ ಹಾರನ್ ಹೊಡೆಯಿತು. ಮೀನಿನ ಸಾರಿನ ಹಂಡೆಯೂ ಹೊರಗೆ ಬಂತು, ಲಾರಿಯವನೂ ಒಂದು ಬಟ್ಟಲು ಹಿಡಿದು ಕೂತ.

ಒಳಗೆ ಮಂಡಳಿಯ ಆರು ಮಂದಿ ಖಾಲಿ ಹುಲ್ಲುಹಾಸಿನ ಮೇಲೆ ಭಾಷಣದ ಕಾಗದ ಹಿಡಿದು ಕೂತೇ ಇದ್ದರು. ಹೊರಗೆ ಬರುವಂತಿಲ್ಲ, ಸಮಾರಂಭ ಉದ್ಯಾನದಲ್ಲಿ ಎಂದು ತೀರ್ಮಾನವಾಗಿತ್ತು. ಒಳಗೆ ಆರಂಭಿಸುವಂತಿಲ್ಲ, ಗಂಟೆ ಬಾರಿಸದೆ ಎರಡು ಆಗುವುದಿಲ್ಲ. ಮೇಲೆ ಮುಳ್ಳು ಎರಡು ದಾಟಿ ಮುಂದೆ ಹೋಯಿತು. ನಿಯಮದ ಪ್ರಕಾರ ಅದು ಸುಳ್ಳು ಹೇಳುತ್ತಿತ್ತು.

ಹೊರಗೆ ಹಂಡೆಯ ತಳ ಕಾಣುವ ಹೊತ್ತಿಗೆ ಕಿಲ್ಬಿಯವರ ದಂಡು ಸೇತುವೆ ದಾಟಿ ಬಂತು, ತಮ್ಮ ಎರಡು ಗಂಟೆಗೆ ಸರಿಯಾಗಿ. ಮುಂದೆ ಲಿಯೋಟಾಳ ಅಣ್ಣ ಓಟಿಸ್. ಮದುಮಗಳು ಲಾರಿಯ ಮೆಟ್ಟಿಲ ಮೇಲೆ ಕೂತು ಬಟ್ಟಲು ನೆಕ್ಕುತ್ತಿದ್ದುದನ್ನು ಕಂಡು ಅವನ ಮುಖ ಕೆಂಪಾಯಿತು.

“ಏನೇ ಇದು? ಒಡಹುಟ್ಟಿದ ಅಣ್ಣನ್ನ ಬಿಟ್ಟು ಮದುವೆ ಮಾಡ್ಕೊಂಡ್ಯಾ?”

“ಕೂಗಾಡ್ಬೇಡ ಕಣಣ್ಣ. ಒಳಗೆ ಇನ್ನೂ ಆಗಿಲ್ಲ,” ಎಂದಳು ಲಿಯೋಟಾ. ಗಂಡನ ಕಡೆ ತಿರುಗಿ, “ಹೋಗಿ ರೀ, ಬಾರ್ಸಿ ಬನ್ನಿ,” ಎಂದಳು.

ಹೇಜನ್ ಹೋಗಿ ಎರಡು ಬಾರಿಸಿದ. ಒಳಗೆ ಆರು ಮಂದಿಗೂ ಉಸಿರು ಬಂತು. ಪಾದ್ರಿಗಳು ಎರಡನೆಯ ಸಲ ಮೊದಲಿಂದ ಶುರುಮಾಡಿ, ‘ಈ ಗಂಡನ್ನು ನೀನು...’ ಎನ್ನುವಷ್ಟರಲ್ಲಿ ಲಿಯೋಟಾ, “ಹೂಂ ಅಂತ ಆಗ್ಲೇ ಹೇಳಾಗಿದೆಯಲ್ಲ ಸ್ವಾಮಿ, ಮುಂದಕ್ಕೆ ಹೋಗಿ,” ಎಂದಳು. ಉಂಗುರ ಮಾತ್ರ ಅವಳ ದಪ್ಪ ಗೆಣ್ಣು ದಾಟಿ ಈಚೆ ಬರಲೊಲ್ಲದು. ಹಾಗಾಗಿ ಹೇಜನ್ ತೊಡಿಸಿದಂತೆ ಬೆರಳನ್ನು ಸವರಿದ. ಓಟಿಸ್ ಅಷ್ಟಕ್ಕೇ ಕಣ್ಣೊರೆಸಿಕೊಂಡ.

ಥೇಯರ್ ಸಾಹೇಬರು ಭಾಷಣಕ್ಕೆಂದು ಎದ್ದರು. ಅಷ್ಟರಲ್ಲಿ ಫಾಸೆಟ್ ಅಮ್ಮನವರು ಕೈಗಡಿಯಾರ ನೋಡಿಕೊಂಡು ಬೆಚ್ಚಿಬಿದ್ದರು. ಗಂಟೆ ಬಾರಿಸಿದ್ದು ಅಪ್ಪಟ ಕಿಲ್ಬಿಯ ಎರಡಕ್ಕೆ! ಇವತ್ತು ಉದ್ಯಾನ ಅಮೆರಿಕದ ಹೊತ್ತಿನಲ್ಲಿ ನಡೆಯಿತೆಂದು ಅರ್ಥವಲ್ಲವೇ? ತಮ್ಮ ಆಕ್ಷೇಪವನ್ನು ದಾಖಲಿಸಬೇಕು ಎಂದರು. ದಾಖಲಿಸಲು ಅಡ್ಡಿಯಿಲ್ಲ, ಆದರೆ ಎಷ್ಟು ಗಂಟೆಗೆ ದಾಖಲಿಸಿದ್ದೆಂದು ಬರೆಯುವುದು ಎಂದು ಥೇಯರ್ ಸಾಹೇಬರು ಕೇಳಿದರು. ಮಾತು ಬೆಳೆಯಿತು. ಕೊನೆಗೆ ಇಬ್ಬರೂ ಒಟ್ಟಿಗೇ ಹೇಜನ್ನನನ್ನು ಕರೆದರು. ಮುಂದಿನ ಗಂಟೆ ಬಾರಿಸದೆ ಸಭೆ ಮುಗಿಯುವಂತಿರಲಿಲ್ಲ.

ಹೇಜನ್ ಆಗಲೇ ಲಾರಿಯ ಹತ್ತಿರ ಇದ್ದ. ರಾತ್ರಿಯೂಟ ಕಿಲ್ಬಿಯಲ್ಲಿ, ಓಟಿಸ್‌ನ ಮನೆಯಲ್ಲಿ, ಲಾರಿಯವನೇ ಕರೆದೊಯ್ಯುವವನಿದ್ದ. ಲಿಯೋಟಾ ಒಳಗೆ ಕೂತು ಬಾಗಿಲು ತೆರೆದು ಹಿಡಿದಿದ್ದಳು.

“ಅಕ್ಕ,” ಎಂದ ಹೇಜನ್, “ಅದೊಂದು ಹಗ್ಗ ಎಳೆದುಬಿಡೇ.”

“ಎಷ್ಟು ಸಲ?”

“ನಿಂಗೆ ತೋಚಿದಷ್ಟು.”

ವರ್ನಾ ಬಹಳ ವರ್ಷಗಳಿಂದ ಆ ಹಗ್ಗದ ಮೇಲೆ ಕಣ್ಣಿಟ್ಟಿದ್ದಳೆಂದು ಕಾಣುತ್ತದೆ. ಲಾರಿ ಸೇತುವೆಗೆ ಬರುವಷ್ಟರಲ್ಲಿ ಗಂಟೆಯ ಬಡಿತ ಹತ್ತು ದಾಟಿತ್ತು. ಹೇಜನ್ನನ ತುಟಿ ಅಲ್ಲಾಡುತ್ತಿತ್ತು.

“ಎಣಿಸ್ತಾ ಇದೀರಾ?” ಎಂದಳು ಲಿಯೋಟಾ.

“ಇಲ್ಲಪ್ಪಾ,” ಎಂದ ಅವನು. ಯಾವ ಗಡಿಯಾರದಲ್ಲೂ ಇಲ್ಲದ ಹದಿಮೂರನೆಯದು ಬಿದ್ದ ಮೇಲೆ ಆ ಮಾತು ನಿಜವೂ ಆಯಿತು.