ಬಾಜೂದ್ದು

ನಮ್ಮ ಕಲಬುರಗಿಯಲ್ಲಿ ‘ಖಾಲಿ’ ಎಂಬುದಕ್ಕೆ ಎರಡು ಅರ್ಥ. ಒಂದು, ಒಳಗೇನೂ ಇಲ್ಲ. ಇನ್ನೊಂದು, ಬರೀ. ‘ಖಾಲಿ ಚಾ ಕುಡದ ಬಂದೀನ್ರಿ’ ಎಂದರೆ ತಿಂಡಿ ಆಗಿಲ್ಲವೆಂದು. ಈ ಎರಡರ ನಡುವೆ ನನ್ನ ಗೆಳತಿಯನ್ನು ಸಿಕ್ಕಿಸಿಟ್ಟವಳು ನಾನು.

ನಾನು ಗಾಜಿಪುರ ಓಣಿಯವಳು, ಅವಳು ರೋಜಾ ಓಣಿಯವಳು. ಭಾನುವಾರ ಬೆಳಗ್ಗೆ ಬಸ್ಸು ಹತ್ತಿ ಕಮಲಾಪುರದಾಚೆಯ ರೈಫಲ್ ರೇಂಜಿಗೆ ಹೋಗುತ್ತಿದ್ದೆವು. ಅವಳ ಅಬ್ಬಾನದು ಒಂದೇ ಷರತ್ತು: ‘ಇಬ್ಬರೂ ಕೂಡಿ ಹೋಗೋದಿದ್ರ ಹೋಗ್ರಿ.’ ನಿಜವಾದ ಗುರಿಗಾತಿ ಅವಳೇ. ನಾನು ಜೊತೆಗಿದ್ದವಳು, ದಾರಿಯಲ್ಲಿ ಹರಟಿ ಅವಳ ತಲೆ ತಿನ್ನುವವಳು.

ಕಲಿಸುತ್ತಿದ್ದವರು ನಿವೃತ್ತ ಹವಾಲ್ದಾರರು. ನಾವು ಉಸ್ತಾದ್ ಎನ್ನುತ್ತಿದ್ದೆವು. ‘ಬಂದೂಕಿಗಿ ನಿನ್ನ ಮನಿ ಕಥಿ ಬ್ಯಾಡ ಬೇಟಾ, ದಿಮಾಗ್ ಇಲ್ಲಿರಲಿ’ ಎಂಬುದು ಅವರ ಮೊದಲ ಪಾಠ. ಗುಂಡು ಹಾರಿಸಿ ಮುಗಿದ ಮೇಲೆ ಬೋಲ್ಟ್ ತೆರೆದು, ಗುಂಡು ಕೂರುವ ಜಾಗಕ್ಕೆ ಕಿರುಬೆರಳಿಟ್ಟು ನೋಡಿ ‘ಖಾಲಿ’ ಎನ್ನಬೇಕು. ಆಮೇಲೆ ಅವರು ‘ಬಾಜೂದ್ದು?’ ಎಂದು ಕೇಳುವರು. ಪಕ್ಕದವಳ ಬಂದೂಕನ್ನೂ ನೋಡಿ ಹೇಳಬೇಕು. ಅದಾದ ಮೇಲೇ ಬಿಳಿ ಗೆರೆ ದಾಟಿ ಗುರಿಯ ಕಾಗದದತ್ತ ಹೋಗುವುದು.

ಆ ಭಾನುವಾರ ಸಂಜೆ ನನ್ನನ್ನು ನೋಡಲು ಸೊಲ್ಲಾಪುರದಿಂದ ಗಂಡಿನವರು ಬರುವವರಿದ್ದರು. ಕಣ್ಣು ಗುರಿಯ ಮೇಲೆ, ಮನಸ್ಸು ಸೀರೆಯ ಮೇಲೆ. ಗೆಳತಿ ತನ್ನ ಬಂದೂಕು ಕೆಳಗಿಟ್ಟು ‘ನಿಂದು?’ ಎಂದಳು. ನಾನು ತಿರುಗಿಯೂ ನೋಡದೆ ‘ಖಾಲಿ... ಒಂದ ಉಳದದ’ ಎಂದೆ. ಬರೀ ಒಂದು ಗುಂಡು ಉಳಿದಿದೆ ಎಂದು ನನ್ನ ಅರ್ಥ. ಅವಳು ಮೊದಲ ಮಾತಿಗೇ ಎದ್ದು ಗೆರೆ ದಾಟಿಬಿಟ್ಟಿದ್ದಳು. ನನ್ನ ಬಂದೂಕಿನೊಳಗೆ ನೋಡಲೇ ಇಲ್ಲ, ನನ್ನನ್ನು ಅಷ್ಟು ನಂಬಿದ್ದಳು.

ಉಸ್ತಾದರು ಒಂದೇ ನೆಗೆತಕ್ಕೆ ಬಂದು ನನ್ನ ಬಂದೂಕಿನ ನಳಿಗೆಯನ್ನು ನೆಲಕ್ಕೆ ಒತ್ತಿದರು. ಗುಂಡು ಹಾರಲಿಲ್ಲ. ಅವರು ಬೈಯಲೂ ಇಲ್ಲ.

‘ಮೂರು ತಿಂಗಳ ಬರಬ್ಯಾಡ. ದಿಮಾಗ್ ತಗೊಂಡು ಬಾ.’

ಮೂರು ತಿಂಗಳಾದ ಮೇಲೂ ನಾನು ಹೋಗಲಿಲ್ಲ, ನಾಚಿಕೆ. ಅವಳು ಎಷ್ಟೋ ಸಲ ಫೋನ್ ಮಾಡಿದಳು, ಎತ್ತಲಿಲ್ಲ. ಜೊತೆಯಿಲ್ಲದೆ ಅವಳ ಮನೆಯಲ್ಲಿ ಯಾರು ಬಿಟ್ಟಾರು? ನನ್ನ ನಾಚಿಕೆಯಿಂದ ಅವಳ ಗುರಿಯಾಟವೂ ನಿಂತುಹೋಯಿತು. ನಾನು ಮದುವೆಯಾಗಿ ಸೊಲ್ಲಾಪುರ ಸೇರಿದೆ. ಅವಳು ಈಗ ಯಾವ ಊರಿನಲ್ಲಿದ್ದಾಳೋ, ನನ್ನ ಬಳಿ ಇರುವ ನಂಬರಿಗೆ ಫೋನ್ ಮಾಡಿದರೆ ಬೇರೆ ಯಾರೋ ಎತ್ತುತ್ತಾರೆ.

ಈ ಸಲ ತವರಿಗೆ ಬಂದಾಗ ಒಬ್ಬಳೇ ಕಮಲಾಪುರದ ಬಸ್ಸು ಹತ್ತಿದೆ. ಪಕ್ಕದ ಸೀಟಿನಲ್ಲಿ ಬ್ಯಾಗು ಇಟ್ಟುಕೊಂಡೆ. ಉಸ್ತಾದರು ಕನ್ನಡಕ ಸರಿಸಿ ನೋಡಿದರು.

‘ದಿಮಾಗ್ ತಂದೀಯೇನು?’

‘ತಂದೀನ್ರಿ, ಭಾಳ ತಡ ಆತು.’

ಐದು ಗುಂಡು ಹಾರಿಸಿದೆ. ಬೋಲ್ಟ್ ತೆರೆದು ಕಿರುಬೆರಳಿಟ್ಟು ನೋಡಿದೆ. ‘ಖಾಲಿ ಅದರಿ.’

‘ಬಾಜೂದ್ದು?’ ಎಂದರು ಉಸ್ತಾದರು, ಹಳೆಯ ರೂಢಿ.

ನಾನು ಪಕ್ಕಕ್ಕೆ ತಿರುಗಿದೆ. ಅವಳು ಮಲಗಿ ಗುರಿಯಿಡುತ್ತಿದ್ದ ಜಾಗದಲ್ಲಿ ಚಾಪೆ ಸುತ್ತಿಟ್ಟಿತ್ತು. ಈ ಸಲ ಚೆನ್ನಾಗಿ ನೋಡಿಯೇ ಹೇಳಿದೆ.

‘ಖಾಲಿ ಅದರಿ.’