ಅವರೆಕಾಳು ಬೀಳುವ ಸದ್ದು

ಗೆಳೆಯರೇ, ಈಗಷ್ಟೇ ಜಗಳವಾಡಿ ಬಂದೆ. ಪೀಣ್ಯದ ನಮ್ಮ ಬಡಾವಣೆ ಸಂಘದಲ್ಲಿ ಇವತ್ತು ನಾನು ಒಂದು ಪ್ರಯೋಗಾತ್ಮಕ ಸಿನಿಮಾ ತೋರಿಸಿದೆ. ಅದರಲ್ಲಿ ಅಜ್ಜಿಯೊಬ್ಬಳು ಅವರೆಕಾಯಿ ಸುಲಿಯುತ್ತಾಳೆ, ಅಷ್ಟೇ. ಮಾತಿಲ್ಲ, ಸಂಗೀತವಿಲ್ಲ. ಸ್ವಲ್ಪ ಹೊತ್ತಿಗೇ ಸಂಘದ ಕಾರ್ಯದರ್ಶಿಗಳು ಧ್ವನಿವರ್ಧಕದಲ್ಲಿ ಡ್ಯುಯೆಟ್ ಹಾಡು ಹಾಕಿಬಿಟ್ಟರು!

"ಜನಕ್ಕೆ ಬೋರಾಗುತ್ತೆ ಕಣ್ರೀ" ಎಂದು ನನಗೇ ಸಮಜಾಯಿಷಿ.

"ನಿಮ್ಮನ್ನ ಯಾರ್ರೀ ಕೇಳಿದ್ದು?" ಎಂದು ಎದ್ದೆ. ಅಷ್ಟರಲ್ಲಿ ತಗಡು ಒತ್ತುವ ಪವರ್ ಪ್ರೆಸ್ ಕಾರ್ಖಾನೆಯಲ್ಲಿ ದುಡಿಯುವ ನಾಗರಾಜ ಹಿಂದಿನಿಂದ ಹೇಳಿದ: "ಹಾಡು ನಿಲ್ಸಿ ಸಾರ್. ದಿನವೆಲ್ಲಾ ಮಿಷಿನ್ ಬಡಿತ ಕೇಳಿ ಬಂದಿದೀನಿ. ಆ ಕಾಳು ಪಾತ್ರೆಗೆ ಬೀಳೋದು ಎಷ್ಟು ಚೆನ್ನಾಗಿ ಕೇಳಿಸ್ತಿತ್ತು."

ಹಾಡು ನಿಂತಿತು. ಅಜ್ಜಿಯ ಬುಟ್ಟಿ ಖಾಲಿಯಾಗುವವರೆಗೂ ಯಾರೂ ಏಳಲಿಲ್ಲ. ಕಾರ್ಯದರ್ಶಿಗಳು ತಾವಾಗಿಯೇ ಮೊಬೈಲ್ ಬಂದ್ ಮಾಡಿದರು. ಧ್ವಜಾರೋಹಣದಲ್ಲೂ ಅವರು ಇಷ್ಟು ಗೌರವ ತೋರಿಸಿದ್ದು ನನಗೆ ನೆನಪಿಲ್ಲ.