ಪ್ರಚಾರದ ಕಾಕಾನ ದನಿ

ಮೈಕು ಹಿಡಿದಾಗ ಅವರು ಎಡಗೈಯಿಂದ ಎಡಗಿವಿ ಮುಚ್ಚಿಕೊಳ್ಳುತ್ತಿದ್ದರು. ಕೊರಳಿನ ನರ ಹಗ್ಗದಂತೆ ಉಬ್ಬುತ್ತಿತ್ತು. ಆಮೇಲೆ ದನಿ ಹೊರಡುತ್ತಿತ್ತು. ಆಟೋಗೆ ಮೈಕು ಕಟ್ಟಿಕೊಂಡು ಸಿರುಗುಪ್ಪ, ಕುರುಗೋಡು ಕಡೆಯ ಊರೂರಲ್ಲಿ ನಾಟಕದ ಪ್ರಚಾರ ಮಾಡುವುದು ಅವರ ಕೆಲಸ. ಬಾದನಹಟ್ಟಿಯಲ್ಲಿ ಚಿಕ್ಕವಳಿದ್ದಾಗ ನಾನೂ ಆ ಆಟೋದ ಹಿಂದೆ ಓಡಿದವಳೇ. ಎಲ್ಲರಿಗೂ ಅವರು ಪ್ರಚಾರದ ಕಾಕಾ.

ವಿಶ್ವವಿದ್ಯಾಲಯದಲ್ಲಿ ಕಲೆ ಮತ್ತು ಮಾಧ್ಯಮ ನಿರ್ವಹಣೆ ಓದುತ್ತಿದ್ದಾಗ ನಾಟಕ ಕಂಪನಿಗಳ ಪ್ರಚಾರದ ಬಗ್ಗೆ ಪ್ರಾಜೆಕ್ಟ್ ಮಾಡಬೇಕಾಯಿತು. ಬಳ್ಳಾರಿಯ ಕೌಲ್ ಬಜಾರಿನಲ್ಲಿ ಅವರ ಮನೆ ಹುಡುಕಿಕೊಂಡು ಹೋದೆ.

"ಇದನ್ನೂ ಕಾಲೇಜಿನ್ಯಾಗ ಕಲಿಸ್ತಾರೇನವ್ವಾ?" ಎಂದು ಬಹಳ ಹೊತ್ತು ನಕ್ಕರು.

ಎರಡು ತಿಂಗಳು ಅವರ ಜೊತೆ ತಿರುಗಿದೆ. ಗಡಿಯ ಊರು ಬಂದರೆ ಕಾಕಾ ತೆಲುಗಿಗೆ ಹೊರಳುತ್ತಿದ್ದರು. ಗದ್ದೆಯಲ್ಲಿ ನಾಟಿ ಮಾಡುವ ಹೆಂಗಸರು ಸೊಂಟ ನೆಟ್ಟಗೆ ಮಾಡಿ ನಿಲ್ಲುವ ತನಕ ಕಾಯುತ್ತಿದ್ದರು. ಸಾವಾದ ಮನೆ ಕಂಡರೆ ಮೈಕು ಬಂದ್. ಆ ಓಣಿ ದಾಟಿದ ಮೇಲೇ ಮತ್ತೆ ಮಾತು.

ಸಂಜೆಯ ಹೊತ್ತಿಗೆ ಅವರ ಗಂಟಲು ಪೂರ್ತಿ ಕಟ್ಟಿರುತ್ತಿತ್ತು. "ಒಮ್ಮೆ ರೆಕಾರ್ಡ್ ಮಾಡಿಬಿಡೋಣ ಕಾಕಾ, ಗಂಟಲಿಗೆ ಆರಾಮ" ಎಂದವಳು ನಾನೇ. ನಮ್ಮ ವಿಭಾಗದ ಸ್ಟುಡಿಯೋದಲ್ಲಿ ಕೂರಿಸಿ ಊರುಗಳ ಹೆಸರು, ವಾರ, ಹೊತ್ತು ಎಲ್ಲವನ್ನೂ ಬಿಡಿಬಿಡಿಯಾಗಿ ಹೇಳಿಸಿದೆ, ಬೇಕಾದ ಹಾಗೆ ಜೋಡಿಸಿಕೊಳ್ಳಲಿ ಎಂದು. ಕಂಪನಿಯ ಮ್ಯಾನೇಜರಿಗೆ ಒಂದು ಪೆನ್ ಡ್ರೈವ್ ಕೊಟ್ಟೆ. ತರಗತಿಯಲ್ಲಿ ನನಗೇ ಹೆಚ್ಚು ಅಂಕ ಬಂತು. ಮುಂದಿನ ನಾಟಕಕ್ಕೆ ಮ್ಯಾನೇಜರು ಡ್ರೈವರನ್ನೂ ಪೆನ್ ಡ್ರೈವನ್ನೂ ಕಳಿಸಿದರು. ಕಾಕಾನನ್ನು ಕರೆಯಲಿಲ್ಲ. ಆಮೇಲೂ ಕರೆಯಲಿಲ್ಲ.

ಒಂದು ದಿನ ನಾನು ಅವರ ಮನೆಯಲ್ಲಿದ್ದಾಗಲೇ ಕರೂರಿನಿಂದ ಫೋನು ಬಂತು. ಕೇಳಿಸಿಕೊಂಡ ಕಾಕಾ ಎದ್ದು ಅಂಗಿ ಹಾಕಿಕೊಂಡರು. ನಾನೂ ಬಸ್ಸು ಹತ್ತಿದೆ. ಕರೂರಿನಲ್ಲಿ ತಾಯಿಯನ್ನು ಕಳೆದುಕೊಂಡ ಒಬ್ಬ ರೈತ ಅಂಗಳದಲ್ಲಿ ಕೂತಿದ್ದ.

"ನಮ್ಮವ್ವನ್ನ ಬಾಗಿಲದಾಗ ಮಲಗ್ಸಿದ್ವಿ. ನಿಮ್ಮ ಆಟೋ ನಗಿ ನಾಟಕ ಐತಿ, ಬರ್ರಿ ಬರ್ರಿ ಅಂತ ಒದರ್ಕೊಂತ ಹೋತು. ನೀವೂ ಹಿಂಗ ಮಾಡ್ತೀರೇನ್ರಿ?"

"ಕಾಕಾ ಅದ್ರಾಗ ಇರ್ಲಿಲ್ರಿ..." ಎಂದು ನಾನು ಬಾಯಿ ತೆಗೆದೆ. ಕಾಕಾ ಕೈ ಎತ್ತಿ ತಡೆದರು.

"ದನಿ ನಂದ ಐತೆಪ್ಪಾ. ತಪ್ಪಾತು," ಎಂದು ತಮಗಿಂತ ಚಿಕ್ಕವನಿಗೆ ಕೈ ಮುಗಿದರು.

ವಾಪಸು ಬರುವಾಗ ಬಸ್ಸಿನಲ್ಲಿ ನಾನು ಅತ್ತೆ. ಕಾಕಾ ಕಿಟಕಿಯಾಚೆ ನೋಡುತ್ತಲೇ ಹೇಳಿದರು: "ಅಳಬ್ಯಾಡ. ನನ್ನ ಗಂಟಲ ಉಳಿಸಾಕ ಹೋಗಿದ್ದಿ. ಉಳೀತು ನೋಡು."

ಮರುವರ್ಷ ಎದೆನೋವು ಬಂದು ತೀರಿಕೊಂಡರು. ದಿನಕರ್ಮ ಮುಗಿದ ಮೇಲೆ ಅವರ ಹೆಂಡತಿ ಕಾಕಿ ನನ್ನನ್ನು ಅಡುಗೆಮನೆಗೆ ಕರೆದು ಕೇಳಿದರು: "ಅವ್ರ ದನಿ ನಿನ್ನ ಹತ್ರ ಐತೇನವ್ವಾ? ನಾಟಕದ್ದು ಬ್ಯಾಡ, ಅದು ಓಣ್ಯಾಗ ಬರ್ತೈತಿ. ಸುಮ್ನ ಮಾತಾಡಿದ್ದು."

ಹಾಸ್ಟೆಲ್ಲಿಗೆ ಬಂದು ಲ್ಯಾಪ್‌ಟಾಪು ತೆಗೆದೆ. ಊರುಗಳಿದ್ದವು, ವಾರಗಳಿದ್ದವು. ಆ ದಿನ ಸ್ಟುಡಿಯೋದಲ್ಲಿ ಕಾಕಾ ನಡುನಡುವೆ ಕೆಮ್ಮಿದ್ದರು, ನೀರು ಕೇಳಿದ್ದರು, ಫೋನಿನಲ್ಲಿ ಕಾಕಿಗೆ "ಉಂಡೇನು? ನನ್ನ ಸಲುವಾಗಿ ಕಾಯಬ್ಯಾಡ" ಎಂದಿದ್ದರು. ಎಡಿಟ್ ಮಾಡುವಾಗ ಅದನ್ನೆಲ್ಲ ಬೇಡದ ಸದ್ದೆಂದು ನಾನೇ ಕತ್ತರಿಸಿ ಅಳಿಸಿ ಹಾಕಿದ್ದೆ.

ಇದನ್ನು ಕಾಕಿಗೆ ಇನ್ನೂ ಹೇಳಿಲ್ಲ. ಆಗಾಗ ಫೋನು ಮಾಡುತ್ತಾರೆ. "ಸಿಕ್ತೇನವ್ವಾ?"

"ಹುಡುಕಾಕತ್ತೀನಿ ಕಾಕಿ," ಅನ್ನುತ್ತೇನೆ.